ಇಳಿಯಬೇಕಾದ ಅಂಕಿ: ದ್ರಾಕ್ಷಿಗರ್ಭವೂ ಅದರ ಹಾರ್ಮೋನೂ

ನವಿ ಮುಂಬಯಿಯ ಕಾಮೋಠೆಯಲ್ಲಿ ಯಾವ ಸೆಕ್ಟರಿಗೆ ಹೋದರೂ ಒಂದು ಮೆಡಿಕಲ್ ಅಂಗಡಿ, ಅದಕ್ಕಂಟಿಕೊಂಡು ರಕ್ತ ಪರೀಕ್ಷೆಯ ಲ್ಯಾಬು, ಮೇಲೆ ಎಲ್ಲೋ ಸೋನೋಗ್ರಫಿಯ ಬೋರ್ಡು ಕಣ್ಣಿಗೆ ಬೀಳುತ್ತದೆ. ಮುಟ್ಟು ನಿಂತು ವಾರವಾದ ಹೆಂಗಸರು ಈ ಲ್ಯಾಬುಗಳಲ್ಲಿ ರಕ್ತ ಕೊಟ್ಟು ‘ಬೀಟಾ ಎಚ್‌ಸಿಜಿ’ ಎಂಬ ಅಂಕಿಗಾಗಿ ಕಾಯುತ್ತಾರೆ. ಅಂಕಿ ಏರುತ್ತಿದ್ದರೆ ಮನೆಗೆ ಪೇಡೆ ಬರುತ್ತದೆ, ಇಳಿದರೆ ಎಲ್ಲರ ಮುಖವೂ ಇಳಿಯುತ್ತದೆ. ಈ ಲೆಕ್ಕ ತಲೆಕೆಳಗಾಗುವ ಬಸಿರೂ ಒಂದಿದೆ. ಅದರಲ್ಲಿ ಅಂಕಿ ಬೇಡವೆಂದರೂ ಏರುತ್ತದೆ. ಅದು ಇಳಿಯಲಿ ಎಂದು ತಿಂಗಳುಗಟ್ಟಲೆ ಹರಕೆ ಹೊರಬೇಕಾಗುತ್ತದೆ.

ಆ ಬಸಿರಿಗೆ ಮರಾಠಿಯಲ್ಲಿ ದ್ರಾಕ್ಷಗರ್ಭ ಎನ್ನುತ್ತಾರೆ. ತೆಲುಗರಿಗೆ ಅದು ಮುತ್ಯಾಲ ಗರ್ಭಂ, ತಮಿಳರಿಗೆ ಮುತ್ತುಪಿಳ್ಳೈ. ಒಬ್ಬರು ಹಣ್ಣು ಕಂಡರು, ಇನ್ನಿಬ್ಬರು ಮುತ್ತು ಕಂಡರು. ಗರ್ಭಕೋಶದಲ್ಲಿ ಮಗುವಿನ ಬದಲು ನೀರು ತುಂಬಿದ ಗುಳ್ಳೆಗಳ ಗೊಂಚಲು ಬೆಳೆಯುವುದನ್ನು ಕಣ್ಣಾರೆ ನೋಡಿದ ಸೂಲಗಿತ್ತಿಯರೇ ಈ ಹೆಸರುಗಳನ್ನು ಇಟ್ಟಿರಬೇಕು. ನಮ್ಮ ಆಸ್ಪತ್ರೆಗಳಲ್ಲಿ ‘ಮೋಲಾರ್ ಪ್ರೆಗ್ನೆನ್ಸಿ’ ಎಂಬ ಇಂಗ್ಲಿಷ್ ಮಾತೇ ಹೆಚ್ಚಾಗಿ ಓಡಾಡುವುದರಿಂದ, ಮರಾಠಿಯಿಂದ ಕಡ ತಂದು ನಾನಿಲ್ಲಿ ದ್ರಾಕ್ಷಿಗರ್ಭ ಎಂದೇ ಕರೆಯುತ್ತೇನೆ. ಕಾಮೋಠೆಯಲ್ಲಿ ಕೂತು ಬರೆಯುವವನಿಗೆ ಅಷ್ಟು ಸಲಿಗೆ ಇರಬಹುದು.

ಯುರೋಪಿನಲ್ಲಿ ಇದರ ಬಗ್ಗೆ ಒಂದು ದಂತಕಥೆಯೇ ಇದೆ. 1276ರಲ್ಲಿ ಹೆನ್ನೆಬರ್ಗಿನ ಕೌಂಟೆಸ್ ಮಾರ್ಗರೆಟ್ ಒಂದೇ ಹೆರಿಗೆಯಲ್ಲಿ 365 ಮಕ್ಕಳನ್ನು ಹೆತ್ತಳಂತೆ. ಗಂಡುಗಳಿಗೆಲ್ಲ ಜಾನ್ ಎಂದೂ ಹೆಣ್ಣುಗಳಿಗೆಲ್ಲ ಎಲಿಜಬೆತ್ ಎಂದೂ ಹೆಸರಿಟ್ಟು ಜ್ಞಾನಸ್ನಾನ ಮಾಡಿಸಿದರಂತೆ. ಆ 365 ‘ಮಕ್ಕಳು’ ಗುಳ್ಳೆಗಳೇ ಆಗಿದ್ದಿರಬೇಕು ಎಂದು ನಂತರದ ವೈದ್ಯರು ಊಹಿಸಿದರು. ಅದು ನಿಜವಾದರೆ ಆ ಗುಳ್ಳೆಗಳಲ್ಲಿ ಗಂಡೂ ಇರಲಿಲ್ಲ, ಹೆಣ್ಣೂ ಇರಲಿಲ್ಲ. ಇದ್ದದ್ದು ಮಾಸಿನ ಅಂಗಾಂಶ, ಅಷ್ಟೇ.

ಮಗು ಬೆಳೆಯಲು ತಾಯಿಯ ವರ್ಣತಂತುಗಳು 23, ತಂದೆಯವು 23 ಬೇಕು. ಪೂರ್ಣ ದ್ರಾಕ್ಷಿಗರ್ಭದಲ್ಲಿ ಒಟ್ಟು ಲೆಕ್ಕ 46 ಸರಿಯಾಗಿಯೇ ಇರುತ್ತದೆ, ಆದರೆ ಅಷ್ಟೂ ತಂದೆಯ ಕಡೆಯವು. ತನ್ನ ವರ್ಣತಂತುಗಳನ್ನು ಕಳೆದುಕೊಂಡ ಖಾಲಿ ಅಂಡದೊಳಗೆ ಒಂದು ವೀರ್ಯಾಣು ಹೊಕ್ಕು ತನ್ನ 23ನ್ನೇ ಇಮ್ಮಡಿ ಮಾಡಿಕೊಳ್ಳುತ್ತದೆ. ಅಪರೂಪಕ್ಕೆ ಎರಡು ವೀರ್ಯಾಣು ಒಟ್ಟಿಗೆ ಹೊಗುವುದೂ ಉಂಟು. ವರ್ಣತಂತುಗಳು ಅಷ್ಟೂ ತಂದೆಯ ಕಡೆಯವೆಂದು ಜಪಾನಿನ ಕಾಜಿಯಿ ಮತ್ತು ಒಹಾಮಾ ತೋರಿಸಿಕೊಟ್ಟದ್ದು 1977ರಲ್ಲಿ. ಭಾಗಶಃ ದ್ರಾಕ್ಷಿಗರ್ಭದ್ದು ಬೇರೆ ಕತೆ. ಅಲ್ಲಿ ಅಂಡ ಸರಿಯಾಗಿದ್ದು ವೀರ್ಯಾಣು ಎರಡಾಗಿರುತ್ತವೆ, ಹಾಗಾಗಿ ಒಟ್ಟು 69. ಭ್ರೂಣದ ಕುರುಹು ಕಾಣಬಹುದು, ಎದೆಬಡಿತವೂ ಕೇಳಬಹುದು, ಆದರೆ ಉಳಿಯುವುದಿಲ್ಲ. ತಂದೆಯ ಕಡೆಯ ಗುಣಾಣುಗಳು ಮಾಸು ಬೆಳೆಸುವುದರಲ್ಲಿ ಜೋರು, ತಾಯಿಯ ಕಡೆಯವು ಅದಕ್ಕೆ ಕಡಿವಾಣ. ಕಡಿವಾಣ ತಪ್ಪಿದಾಗ ಮಾಸು ಉಕ್ಕುತ್ತದೆ. ಬಸಿರು ಕೆಟ್ಟಾಗಲೆಲ್ಲ ಸೊಸೆಯ ಕಡೆ ಬೆರಳು ತೋರಿಸುವ ಮನೆಗಳಲ್ಲಿ ಈ ಒಂದು ಪ್ಯಾರಾವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹಾಗೆಂದು ಗಂಡನ ತಪ್ಪೂ ಇದಲ್ಲ. ಯಾರೋ ಏನೋ ತಿಂದದ್ದರಿಂದ, ಭಾರ ಎತ್ತಿದ್ದರಿಂದ, ಗ್ರಹಣ ನೋಡಿದ್ದರಿಂದ ಆಗುವಂಥದೂ ಅಲ್ಲ.

ಎಚ್‌ಸಿಜಿ ಹುಟ್ಟುವುದು ಈ ಮಾಸಿನ ಜೀವಕೋಶಗಳಲ್ಲೇ. ಸಾಧಾರಣ ಬಸಿರಿನಲ್ಲಿ ಅದು ಎಂಟರಿಂದ ಹನ್ನೊಂದನೆಯ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ, ರಕ್ತದ ಒಂದು ಮಿಲಿಲೀಟರಿಗೆ ಸುಮಾರು 1 ಲಕ್ಷ ಯುನಿಟ್ಟಿನ ಆಸುಪಾಸು; ಆಮೇಲೆ ತಾನಾಗಿ ತಗ್ಗುತ್ತದೆ. (ಲ್ಯಾಬಿನವರು ಎಂಐಯು ಎಂದು ಬರೆಯುವುದನ್ನೇ ಇಲ್ಲಿ ಯುನಿಟ್ ಎಂದಿದ್ದೇನೆ.) ಪೂರ್ಣ ದ್ರಾಕ್ಷಿಗರ್ಭದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಅದು ಲಕ್ಷ ದಾಟಿರುತ್ತದೆ, ಕೆಲವರಲ್ಲಿ ಹತ್ತು ಲಕ್ಷವನ್ನೂ ಮೀರುತ್ತದೆ. ಭಾಗಶಃ ಆದವರಲ್ಲಿ ಲಕ್ಷ ದಾಟುವವರು ಹತ್ತರಲ್ಲೊಬ್ಬರಿಗಿಂತ ಕಡಿಮೆ. ಆದ್ದರಿಂದ ‘ಅಂಕಿ ಹೆಚ್ಚಿಲ್ಲ, ಹಾಗಾಗಿ ದ್ರಾಕ್ಷಿಗರ್ಭವಲ್ಲ’ ಎಂಬ ತರ್ಕ ನಿಲ್ಲುವುದಿಲ್ಲ. ಅವಳಿ ಬಸಿರಿನಲ್ಲೂ ಅಂಕಿ ಹೆಚ್ಚಿರುವುದರಿಂದ ಅದರ ತಿರುವುಮುರುವೂ ನಿಲ್ಲುವುದಿಲ್ಲ.

ಅಂಕಿ ವಿಪರೀತ ಏರಿದಾಗ ಆಗುವ ಉಪದ್ರವಗಳ ಬೇರು ಆ ಹಾರ್ಮೋನಿನ ಕಟ್ಟಡದಲ್ಲೇ ಇದೆ. ಎಚ್‌ಸಿಜಿಗೆ ಎರಡು ತುಂಡು, ಆಲ್ಫಾ ಮತ್ತು ಬೀಟಾ. ಆಲ್ಫಾ ತುಂಡು ಥೈರಾಯ್ಡನ್ನು ಕೆಣಕುವ ಟಿಎಸ್‌ಎಚ್‌ನಲ್ಲೂ ಅಂಡಾಶಯವನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್‌ಗಳಲ್ಲೂ ಇರುವಂಥದೇ. ಬೀಟಾ ತುಂಡು ಮಾತ್ರ ಅದರ ಸ್ವಂತದ್ದು. ಪರೀಕ್ಷೆಗೆ ‘ಬೀಟಾ’ ಎಂಬ ಹೆಸರು ಬಂದದ್ದು ಅದರಿಂದ. ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಬೀಟಾವನ್ನೇ ಗುರಿಯಾಗಿಸಿ ಅಳೆಯುವ ವಿಧಾನವನ್ನು 1972ರಲ್ಲಿ ಪ್ರಕಟಿಸುವ ತನಕ, ಇದು ಎಚ್‌ಸಿಜಿಯೋ ಎಲ್‌ಎಚ್‌ಓ ಎಂದು ಪರೀಕ್ಷೆಗೆ ಬೇರ್ಪಡಿಸಲಾಗುತ್ತಿರಲಿಲ್ಲ. ಅದಕ್ಕೂ ಹಿಂದೆ, 1920ರ ದಶಕದ ಕೊನೆಯಿಂದ, ಹೆಂಗಸಿನ ಮೂತ್ರವನ್ನು ಇಲಿಗಳಿಗೆ ಚುಚ್ಚಿ ಅವುಗಳ ಅಂಡಾಶಯ ಕೊಯ್ದು ನೋಡುವ ಕಾಲವಿತ್ತು.

ನೆಂಟರ ಮುಖಚಹರೆ ಹೊತ್ತ ಈ ಹಾರ್ಮೋನು ಲಕ್ಷಗಟ್ಟಲೆ ಸೇರಿದಾಗ ನೆಂಟರ ಮನೆ ಬಾಗಿಲನ್ನೂ ತಟ್ಟುತ್ತದೆ. ಮೊದಲು ಥೈರಾಯ್ಡ್. ಎಚ್‌ಸಿಜಿ ಸುಮಾರು 2 ಲಕ್ಷ ದಾಟಿದರೆ ಟಿಎಸ್‌ಎಚ್ ನೆಲ ಕಚ್ಚುವುದು ಸಾಮಾನ್ಯ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡತೊಡಗುತ್ತದೆ. ಎದೆ ಢವಢವ, ಕೈ ನಡುಕ, ಬೆವರು, ತೂಕ ಇಳಿತ. ಬಸುರಿಗೆ ಇವೆಲ್ಲ ಇದ್ದದ್ದೇ ಎಂದು ಮನೆಯವರು ಸುಮ್ಮನಾಗುತ್ತಾರೆ. ಇದೇ ಸ್ಥಿತಿಯಲ್ಲಿ ಅವಸರವಾಗಿ ಅರಿವಳಿಕೆ ಕೊಟ್ಟು ಗರ್ಭಕೋಶ ಖಾಲಿ ಮಾಡಲು ಹೊರಟರೆ ‘ಥೈರಾಯ್ಡ್ ಸ್ಟಾರ್ಮ್’ ಏಳಬಹುದು: ಜ್ವರ ನೆತ್ತಿಗೇರುತ್ತದೆ, ನಾಡಿ ಹಿಡಿತಕ್ಕೆ ಸಿಗುವುದಿಲ್ಲ, ಹೃದಯ ಸೋಲುತ್ತದೆ. ಇದನ್ನು ತಡೆಯುವ ಉಪಾಯ ಹೊಸದೇನಲ್ಲ. ಮುಂಚೆಯೇ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಬೇಕಾದರೆ ಪ್ರೊಪ್ರನೊಲಾಲಿನಂಥ ಬೀಟಾ ಬ್ಲಾಕರನ್ನೂ ಥೈರಾಯ್ಡ್ ತಗ್ಗಿಸುವ ಔಷಧವನ್ನೂ ಕೊಟ್ಟು ಆಮೇಲೆ ಥಿಯೇಟರಿಗೆ ಕರೆದೊಯ್ಯಬೇಕು. ಗುಳ್ಳೆಗಳು ಹೋಗಿ ಅಂಕಿ ಇಳಿದಂತೆ ಥೈರಾಯ್ಡೂ ತಾನಾಗಿ ತಣ್ಣಗಾಗುತ್ತದೆ. ಅದಕ್ಕೆ ಜನ್ಮವಿಡೀ ಮಾತ್ರೆ ಬೇಕಿಲ್ಲ.

ಎರಡನೆಯದು ಅಂಡಾಶಯ. ಎರಡೂ ಕಡೆ ನೀರುಗುಳ್ಳೆಗಳಾಗಿ ಅವು ಕಿತ್ತಳೆ ಹಣ್ಣಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಊದಿಕೊಳ್ಳುತ್ತವೆ. ಸೋನೋಗ್ರಫಿಯಲ್ಲಿ ಇವನ್ನು ಕಂಡು ಗಾಬರಿಯಾಗಿ ಅಂಡಾಶಯವನ್ನೇ ತೆಗೆಸಿಬಿಡಲು ಮನಸ್ಸಾಗುವುದು ಸಹಜ, ತೆಗೆಸಬಾರದು. ತಿರುಚಿಕೊಂಡರೆ ಅಥವಾ ಒಡೆದರೆ ಮಾತ್ರ ಶಸ್ತ್ರಚಿಕಿತ್ಸೆ. ಇಲ್ಲವಾದರೆ ಕೆಲವು ತಿಂಗಳಲ್ಲಿ ಅವು ತಾವೇ ಕುಗ್ಗುತ್ತವೆ.

ವಾಂತಿ ಎಲ್ಲರಿಗೂ ಗೊತ್ತಿರುವುದೇ. ‘ಪಿತ್ತ ಜಾಸ್ತಿಯಾಗಿದೆ’ ಎಂದು ನಿಂಬೆಹಣ್ಣು, ಶುಂಠಿಗಳಲ್ಲಿ ವಾರ ಕಳೆಯುವುದೂ ಗೊತ್ತಿರುವುದೇ. ರಕ್ತದೊತ್ತಡದ ವಿಷಯ ಬೇರೆ. ಬಸುರಿನ ಬಿಪಿ, ಮೂತ್ರದಲ್ಲಿ ಪ್ರೋಟೀನು ಸಾಧಾರಣವಾಗಿ 20 ವಾರದ ನಂತರದ ತಾಪತ್ರಯ. ಅದಕ್ಕೂ ಮುಂಚೆ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಒಳಗೆ ಇರುವುದು ಮಗುವೋ ದ್ರಾಕ್ಷಿಯೋ ಎಂಬುದು.

ಇಷ್ಟು ಓದಿ ಯಾರಾದರೂ ಇಂದಿನ ಪ್ರಸೂತಿ ವೈದ್ಯರ ಬಳಿ ಹೋದರೆ, ‘ಇವೆಲ್ಲ ಪುಸ್ತಕದಲ್ಲಿ ಓದಿದ್ದು, ನೋಡಿದ್ದು ಕಡಿಮೆ’ ಎಂದಾರು. ಅದು ನಿಜವೂ ಹೌದು. ಈ ರೋಗಕ್ಕೇ ಮೀಸಲಾದ ಬೋಸ್ಟನ್ನಿನ ಪ್ರಸಿದ್ಧ ಕೇಂದ್ರವೊಂದು ತನ್ನ ಹಳೆಯ ಮತ್ತು ಹೊಸ ರೋಗಿಗಳನ್ನು 1995ರಲ್ಲಿ ಹೋಲಿಸಿ ನೋಡಿತು. 60–70ರ ದಶಕದಲ್ಲಿ ಪೂರ್ಣ ದ್ರಾಕ್ಷಿಗರ್ಭದವರಲ್ಲಿ ಶೇ 27ರಷ್ಟು ಮಂದಿಗಿದ್ದ ಬಿಪಿಯ ತೊಂದರೆ ಶೇ 1ರ ಆಸುಪಾಸಿಗೆ ಇಳಿದಿತ್ತು. ಶೇ 7ರಷ್ಟಿದ್ದ ಥೈರಾಯ್ಡ್ ತೊಂದರೆ ಕಾಣದಂತಾಗಿತ್ತು. ಎಲ್ಲ ಸೋನೋಗ್ರಫಿಯ ಕೃಪೆ. ಉಪದ್ರವ ತಲೆಯೆತ್ತುವ ಮುಂಚೆಯೇ ರೋಗ ಸಿಕ್ಕಿಬೀಳುತ್ತದೆ. ಆದರೆ ಇಷ್ಟು ಬೇಗ ಪತ್ತೆಯಾದರೂ, ದ್ರಾಕ್ಷಿಗರ್ಭ ಮುಂದೆ ಗೆಡ್ಡೆಯಾಗಿ ತಿರುಗುವ ಪ್ರಮಾಣ ಕಡಿಮೆಯಾಗಲಿಲ್ಲ. ಬೇಗ ಕಂಡರೂ ಬೇಗ ಖಾಲಿ ಮಾಡಿದರೂ ರೋಗದ ಒಳಗುಣ ಬದಲಾಗದು.

ಬೇಗ ಸ್ಕ್ಯಾನ್ ಮಾಡುವುದಕ್ಕೆ ತನ್ನದೇ ಒಂದು ಮೋಸವಿದೆ. ಪುಸ್ತಕಗಳಲ್ಲಿ ಹಿಮ ಸುರಿದಂತೆ ಕಾಣುತ್ತದೆ ಎಂದು ಬರೆದ ಚಿತ್ರ ಮೂರು ನಾಲ್ಕು ತಿಂಗಳಿನದು. ಏಳೆಂಟು ವಾರಕ್ಕೆ ಗುಳ್ಳೆಗಳು ಇನ್ನೂ ಸಣ್ಣವು. ಎದೆಬಡಿತ ನಿಂತ ಸಾಮಾನ್ಯ ಗರ್ಭಪಾತದಂತೆಯೇ ಕಾಣಬಹುದು. ‘ಹೊಟ್ಟೆ ಕ್ಲೀನ್ ಮಾಡಿಸಿ’ ಎನ್ನುತ್ತಾರೆ, ಡಿಎನ್‌ಸಿ ಆಗುತ್ತದೆ, ತೆಗೆದದ್ದು ಬಕೆಟ್ಟಿಗೆ ಹೋಗುತ್ತದೆ. ಅದನ್ನು ಒಂದು ಡಬ್ಬಿಯಲ್ಲಿ ಫಾರ್ಮಲಿನ್ ಹಾಕಿ ಪ್ಯಾಥಾಲಜಿಗೆ ಕಳಿಸಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ಉತ್ತರ ಸಿಗುತ್ತಿತ್ತು. ಅನುಮಾನವಿದ್ದರೆ ಪಿ57 ಎಂಬ ಬಣ್ಣದ ಪರೀಕ್ಷೆಯಿದೆ. ತಾಯಿಯ ಗುಣಾಣುವಿನಿಂದ ಮೂಡುವ ಆ ಬಣ್ಣ ಪೂರ್ಣ ದ್ರಾಕ್ಷಿಗರ್ಭದಲ್ಲಿ ಹಿಡಿಯುವುದಿಲ್ಲ. ಸ್ಕ್ಯಾನೂ ಇಲ್ಲದೆ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ಮನೆಯಲ್ಲೇ ನುಂಗುವವರ ಪಾಡು ಇನ್ನೂ ಕಷ್ಟ. ಅಲ್ಲಿ ಡಬ್ಬಿಗೆ ಹಾಕಲು ಏನೂ ಉಳಿದಿರುವುದಿಲ್ಲ, ಆಮೇಲೆ ಅಂಕಿ ನೋಡಬೇಕೆಂದು ಹೇಳುವವರೂ ಇರುವುದಿಲ್ಲ.

ಇನ್ನು ಅಂಕಿಯೇ ಸುಳ್ಳು ಹೇಳುವ ಸಂದರ್ಭಗಳು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಇದೇ, ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದೂ ಇದೇ.

ಹೊಟ್ಟೆ ಐದು ತಿಂಗಳಿನಷ್ಟು ದೊಡ್ಡದಾಗಿದೆ, ವಾಂತಿ ನಿಲ್ಲುತ್ತಿಲ್ಲ, ರಕ್ತ ಹೋಗುತ್ತಿದೆ. ಆದರೆ ಮೂತ್ರದ ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡುತ್ತಿಲ್ಲ. ಹೀಗಾಗಲು ಕಾರಣ ಹಾರ್ಮೋನಿನ ಕೊರತೆಯಲ್ಲ, ಅತಿಯಾದ ಹಾರ್ಮೋನು. ಇದನ್ನು ಹುಕ್ ಪರಿಣಾಮ ಎನ್ನುತ್ತಾರೆ. ವಡಾಪಾವಿನ ಲೆಕ್ಕದಲ್ಲಿ ಹೇಳುತ್ತೇನೆ. ಪರೀಕ್ಷೆಯಲ್ಲಿರುವ ಎರಡು ಪ್ರತಿಕಾಯಗಳು ಪಾವಿನ ಮೇಲಿನ ಮತ್ತು ಕೆಳಗಿನ ಹೋಳು, ಹಾರ್ಮೋನೇ ವಡಾ. ಎರಡು ಹೋಳಿನ ನಡುವೆ ಒಂದು ವಡಾ ಸಿಕ್ಕಿಕೊಂಡರೆ ಒಂದು ವಡಾಪಾವ್. ಯಂತ್ರ ಎಣಿಸುವುದು ಪೂರ್ತಿಯಾದ ವಡಾಪಾವನ್ನು ಮಾತ್ರ. ವಡೆಗಳು ರಾಶಿ ಬಿದ್ದರೆ ಮೇಲಿನ ಹೋಳೂ ಒಂದೊಂದನ್ನು ಹಿಡಿದು ಕೂರುತ್ತದೆ, ಕೆಳಗಿನದೂ ಬೇರೊಂದನ್ನು ಹಿಡಿದು ಕೂರುತ್ತದೆ, ಎರಡೂ ಒಂದಾಗುವುದೇ ಇಲ್ಲ. ಅಂಗಡಿ ತುಂಬ ವಡೆ, ವಡಾಪಾವ್ ಸೊನ್ನೆ. ಎಚ್‌ಸಿಜಿ ಐದು ಲಕ್ಷದಿಂದ ಹತ್ತು ಲಕ್ಷ ದಾಟಿದಾಗ ಈ ಅವಾಂತರ ಆಗಬಹುದು. ಪರಿಹಾರ ತೀರಾ ಸರಳ: ಮಾದರಿಯನ್ನು ಹತ್ತು ಪಟ್ಟು, ನೂರು ಪಟ್ಟು ತೆಳುಮಾಡಿ ಮತ್ತೆ ನೋಡಬೇಕು. ಆದರೆ ಅನುಮಾನ ಬಂದು ಲ್ಯಾಬಿಗೆ ಫೋನ್ ಮಾಡುವ ವೈದ್ಯರು ಬೇಕು. ಚೀಟಿಯಲ್ಲಿ ‘ದ್ರಾಕ್ಷಿಗರ್ಭದ ಅನುಮಾನ’ ಎಂದು ಬರೆದರೂ ಸಾಕು. ಬರೀ ‘ಬೀಟಾ ಎಚ್‌ಸಿಜಿ’ ಎಂದು ಬರೆದರೆ ಲ್ಯಾಬಿನವರಿಗೆ ಹೇಗೆ ಗೊತ್ತಾಗಬೇಕು?

ಇದರ ಎದುರು ತುದಿಯಲ್ಲಿ ಇಲ್ಲದ ಹಾರ್ಮೋನು ಇದೆಯೆಂದು ಕಾಣುತ್ತದೆ. ಕೆಲವರ ರಕ್ತದಲ್ಲಿರುವ ಬೇರೆಯೇ ಪ್ರತಿಕಾಯಗಳು ವಡಾ ಇಲ್ಲದೆಯೂ ಎರಡು ಹೋಳನ್ನು ಅಂಟಿಸಿಬಿಡುತ್ತವೆ. ಇಂಥ ಮಾಯದ ಅಂಕಿಯನ್ನು ನಂಬಿ ಗೆಡ್ಡೆಯಿದೆಯೆಂದು ತೀರ್ಮಾನಿಸಿ ಬೇಡದ ಕೀಮೋ, ಬೇಡದ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಯರಿದ್ದಾರೆ. ಲಾರೆನ್ಸ್ ಕೋಲ್ ಮತ್ತು ಜೊತೆಗಾರರು 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥ 12 ಮಹಿಳೆಯರ ವೃತ್ತಾಂತ ಪ್ರಕಟಿಸಿದಾಗ ವೈದ್ಯಲೋಕ ಬೆಚ್ಚಿತು. ಸತ್ಯ ತಿಳಿಯುವ ದಾರಿ ಇಲ್ಲೂ ಅಗ್ಗದ್ದೇ. ಆ ಪ್ರತಿಕಾಯಗಳು ಗಾತ್ರದಲ್ಲಿ ದೊಡ್ಡವು, ಮೂತ್ರಕ್ಕೆ ಇಳಿಯಲಾರವು. ರಕ್ತದಲ್ಲಿ ಇದ್ದದ್ದು ಮೂತ್ರದಲ್ಲಿ ಇಲ್ಲವಾದರೆ ಅಂಕಿಯನ್ನು ನಂಬುವ ಮೊದಲು ಬೇರೆ ಕಂಪನಿಯ ಕಿಟ್ಟಿನಲ್ಲಿ ನೋಡಬೇಕು. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಪಿಟ್ಯುಟರಿ ಗ್ರಂಥಿಯೇ ಒಂದಿಷ್ಟು ಎಚ್‌ಸಿಜಿ ಸುರಿಸುವುದುಂಟು, ಅದೂ ಗೆಡ್ಡೆಯಲ್ಲ. ಕೂದಲು ಉದುರುತ್ತದೆಂದು ಹೆಚ್ಚು ಶಕ್ತಿಯ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಅಂಕಿ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಲ್ಯಾಬಿನಲ್ಲಿ ಕೇಳದಿದ್ದರೂ ನಾವೇ ಹೇಳುವುದು ಒಳ್ಳೆಯದು.

ಗರ್ಭಕೋಶ ಖಾಲಿ ಮಾಡುವುದರ ಬಗ್ಗೆ ವೈದ್ಯರಲ್ಲಿ ದೊಡ್ಡ ತಕರಾರಿಲ್ಲ. ಹೀರುವ ಯಂತ್ರದಿಂದ, ಸಾಧ್ಯವಾದರೆ ಸೋನೋಗ್ರಫಿಯ ಕಣ್ಗಾವಲಿನಲ್ಲಿ, ರಕ್ತ ಸಿದ್ಧವಿಟ್ಟುಕೊಂಡು ಮಾಡಬೇಕು. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ ಆಂಟಿ-ಡಿ ಚುಚ್ಚಬೇಕು. ಗರ್ಭಕೋಶ ನಾಲ್ಕು ತಿಂಗಳಿನಷ್ಟು ಬೆಳೆದಿದ್ದರೆ ಗುಳ್ಳೆಗಳ ಚೂರು ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟಿಸಬಹುದು. ಜೊತೆಗೆ ಥೈರಾಯ್ಡೂ ಬಿಪಿಯೂ ಸೇರಿಕೊಂಡರೆ ಐಸಿಯು ಇಲ್ಲದ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಪರದಾಟವೇ. ಈ ವಿಷಯದಲ್ಲಿ ಕಾಮೋಠೆಯವರು ಅದೃಷ್ಟವಂತರು. ಸೆಕ್ಟರ್ 1ರಲ್ಲಿ 1989ರಿಂದ ಎಂಜಿಎಂ ಮೆಡಿಕಲ್ ಕಾಲೇಜು ಇದೆ. ಪಕ್ಕದ ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಕೇಂದ್ರ ಅಕ್ಟ್ರೆಕ್ ಇದೆ. ನಮ್ಮ ಅನೇಕ ಜಿಲ್ಲೆಗಳ ಹೆಂಗಸರು ಇಷ್ಟಕ್ಕಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು.

ಖಾಲಿ ಮಾಡಿಸಿದ ಮರುದಿನ ಮನೆಯವರ ಪಾಲಿಗೆ ಕತೆ ಮುಗಿಯಿತು; ರೋಗದ ಲೆಕ್ಕದಲ್ಲಿ ಅರ್ಧವಾಯಿತು. ಪೂರ್ಣ ದ್ರಾಕ್ಷಿಗರ್ಭದವರಲ್ಲಿ ಶೇ 15ರಿಂದ 20 ಮಂದಿಯಲ್ಲಿ, ಭಾಗಶಃ ಆದವರಲ್ಲಿ ನೂರಕ್ಕೆ ಒಬ್ಬರಿಂದ ಐವರಲ್ಲಿ, ಉಳಿದ ಕೋಶಗಳು ಗರ್ಭಕೋಶದ ಗೋಡೆ ಕೊರೆಯುವ ಗೆಡ್ಡೆಯಾಗುತ್ತವೆ, ಅಪರೂಪಕ್ಕೆ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರಾಗಿ ಶ್ವಾಸಕೋಶಕ್ಕೋ ಮಿದುಳಿಗೋ ಹಬ್ಬುತ್ತವೆ. ಯಾರಿಗೆ ಹಾಗಾಗುತ್ತದೆ ಎಂದು ಹೇಳುವುದು ಅದೇ ಅಂಕಿ. ಆದರೆ ಒಂಟಿ ಅಂಕಿಗೆ ಇಲ್ಲಿ ಬೆಲೆಯಿಲ್ಲ, ನೋಡಬೇಕಾದದ್ದು ಇಳಿಜಾರನ್ನು. ವಾರಕ್ಕೊಮ್ಮೆ ರಕ್ತ ಕೊಟ್ಟು, ಮೂರು ವಾರ ಸತತ ಸಹಜ ಮಟ್ಟ ಮುಟ್ಟುವ ತನಕ ನೋಡುತ್ತಲೇ ಇರಬೇಕು. ಅಂತರರಾಷ್ಟ್ರೀಯ ಪ್ರಸೂತಿ ತಜ್ಞರ ಒಕ್ಕೂಟ ಫೀಗೋ ಹಾಕಿಕೊಟ್ಟ ಗೆರೆ ಇದು: ಮೂರು ವಾರದ ಅವಧಿಯ ನಾಲ್ಕು ಅಂಕಿಗಳು ಕದಲದೆ ನಿಂತರೆ, ಅಥವಾ ಎರಡು ವಾರದ ಅವಧಿಯ ಮೂರು ಅಂಕಿಗಳು ಏರುತ್ತ ಹೋದರೆ, ಅದು ಗೆಡ್ಡೆ. ಗೆಡ್ಡೆಯ ತುಣುಕು ತೆಗೆದು ಪರೀಕ್ಷಿಸದೆ, ಬರೀ ರಕ್ತದ ಅಂಕಿಯ ಬಲದ ಮೇಲೆ ಕೀಮೋ ಶುರು ಮಾಡುವ ರೋಗ ಬಹುಶಃ ಇದೊಂದೇ ಇರಬೇಕು.

ಎಷ್ಟು ಕಾಲ ನೋಡಬೇಕು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಹಿಂದೆ ವರ್ಷ, ಎರಡು ವರ್ಷ ಎನ್ನುತ್ತಿದ್ದರು. ಅಷ್ಟು ಕಾಲ ಮತ್ತೆ ಬಸಿರಾಗುವಂತಿರಲಿಲ್ಲ. ಈಗ ಫೀಗೋ ಹೇಳುವುದು, ಅಂಕಿ ಸಹಜವಾದ ಮೇಲೆ ಪೂರ್ಣ ದ್ರಾಕ್ಷಿಗರ್ಭಕ್ಕೆ ಮೂರು ತಿಂಗಳು, ಭಾಗಶಃಕ್ಕೆ ಒಂದು ತಿಂಗಳು. ಬ್ರಿಟನ್ನಿನವರು ಪೂರ್ಣ ದ್ರಾಕ್ಷಿಗರ್ಭಕ್ಕೆ ಆರು ತಿಂಗಳು ಎನ್ನುತ್ತಾರೆ. ಅಂಕಿ 56 ದಿನದೊಳಗೆ ಸಹಜವಾದರೆ ಖಾಲಿ ಮಾಡಿದ ದಿನದಿಂದ, ತಡವಾದರೆ ಸಹಜವಾದ ದಿನದಿಂದ ಎಣಿಕೆ. ಅವರ ಲೆಕ್ಕದಲ್ಲೇ ಅಂಕಿ ಸಹಜವಾದ ನಂತರ ಗೆಡ್ಡೆಯಾಗುವುದು ಪೂರ್ಣದಲ್ಲಿ ಸುಮಾರು 400ರಲ್ಲಿ ಒಬ್ಬರಿಗೆ, ಭಾಗಶಃದಲ್ಲಿ 3,000ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರಿಗೆ. ಈ ಅಂಕಿ ನೋಡಿದರೆ ಫೀಗೋದ ಚಿಕ್ಕ ಅವಧಿಯೇ ನಮ್ಮವರಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ವರ್ಷದ ಕಟ್ಟು ಹಾಕಿ ಮೂರನೆಯ ತಿಂಗಳಿಗೇ ಹೆಂಗಸು ಬರುವುದನ್ನು ಬಿಟ್ಟರೆ ಏನು ಬಂತು? ಕಡಿಮೆ ಹೇಳಿ, ಅಷ್ಟನ್ನಾದರೂ ಪೂರ್ತಿ ಮಾಡಿಸುವುದು ಮೇಲು. ಆ ಅವಧಿಯಲ್ಲಿ ಹೊಸ ಬಸಿರು ನಿಂತರೆ ಅಂಕಿ ಯಾವುದರದ್ದೆಂದೇ ತಿಳಿಯುವುದಿಲ್ಲ, ಹಾಗಾಗಿ ತಡೆ ಬೇಕೇಬೇಕು. ಗರ್ಭನಿರೋಧಕ ಗುಳಿಗೆ ಕೂಡದು ಎಂಬ ಹಳೆಯ ಅಂಜಿಕೆ ಈಗ ಉಳಿದಿಲ್ಲ. ಆದರೆ ಅಂಕಿ ಸಹಜವಾಗುವ ಮುನ್ನ ಕಾಪರ್-ಟಿ ಹಾಕಿಸಬಾರದು, ಮೆದುವಾದ ಗೋಡೆ ತೂತಾಗಬಹುದು.

ಕಾಮೋಠೆಯಂಥ ಊರಿನಲ್ಲಿ ಎಡವುವುದು ಇಲ್ಲಿ. ವಿಜಯಪುರದ ಕಡೆಯ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಇಲ್ಲಿ ಗರ್ಭಕೋಶ ಖಾಲಿ ಮಾಡಿಸಿದರು. ‘ಪಾಪ, ಬಸಿರು ಕಳಕೊಂಡಾಳ, ಬಾಣಂತನದಂಗ ಆರೈಕಿ ಆಗ್ಬೇಕು’ ಎಂದು ತವರಿನವರು ಕಳಂಬೋಲಿಯಿಂದ ರಾತ್ರಿ ಬಸ್ಸು ಹತ್ತಿಸಿ ಕರೆದೊಯ್ದರು. ಉಡುಪಿಯವಳಾಗಿದ್ದರೆ ಪನವೇಲಿನಲ್ಲಿ ಮತ್ಸ್ಯಗಂಧಾ. ತವರಿನ ಆರೈಕೆಯಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಅಲ್ಲಿ ಎರಡು ವಾರ ರಕ್ತ ಕೊಡುವುದು ತಪ್ಪುತ್ತದೆ, ಮೂರನೆಯ ವಾರ ಬೇರೆ ಲ್ಯಾಬು, ಬೇರೆ ಕಂಪನಿಯ ಯಂತ್ರ. ಇಲ್ಲಿ 340 ಇದ್ದದ್ದು ಅಲ್ಲಿ 410 ಬಂದರೆ ರೋಗ ಏರಿತೋ ಯಂತ್ರ ಬದಲಾಯಿತೋ? ಯಾರಿಗೂ ಹೇಳಲಾಗದು. ಒಂದೇ ಲ್ಯಾಬಿನ ಶಾಖೆ ಎರಡೂ ಊರಲ್ಲಿದ್ದರೆ ಅಲ್ಲಿಗೇ ಹೋಗುವುದು, ಇಲ್ಲದಿದ್ದರೆ ಹೊಸ ಲ್ಯಾಬಿನ ಮೊದಲ ಅಂಕಿಯನ್ನು ಹಳೆಯದರ ಮುಂದುವರಿಕೆ ಎನ್ನದೆ ಹೊಸ ಸಾಲಿನ ಆರಂಭ ಎಂದು ತಿಳಿಯುವುದು ವಿವೇಕ.

ಅಂಕಿ ಪೂರ್ತಿ ಇಳಿಯುವ ತನಕ ಬಿಡಬಾರದು ಎಂಬುದನ್ನು ಜಗತ್ತಿಗೆ ಕಲಿಸಿದವರು ಅದಕ್ಕೆ ಬೆಲೆ ತೆತ್ತರು. ಚೀನಾದಿಂದ ಹೋಗಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಮಿನ್ ಚಿಯು ಲಿ, ರಾಯ್ ಹರ್ಟ್ಜ್ ಜೊತೆ ಸೇರಿ, ಹಬ್ಬಿದ ಕೋರಿಯೋಕಾರ್ಸಿನೋಮಾ ಮೆಥೊಟ್ರೆಕ್ಸೇಟಿನಿಂದ ಕರಗಿದ್ದನ್ನು 1956ರಲ್ಲಿ ವರದಿ ಮಾಡಿದರು. ಅಲ್ಲಿಯ ತನಕ ಅದು ಬಂದವರು ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದರು. ಕ್ಷಕಿರಣದಲ್ಲಿ ಗೆಡ್ಡೆ ಕಾಣದಾದ ಮೇಲೂ ಮೂತ್ರದಲ್ಲಿ ಹಾರ್ಮೋನು ಉಳಿದಿದ್ದರೆ ಲಿ ಔಷಧ ನಿಲ್ಲಿಸುತ್ತಿರಲಿಲ್ಲ. ಕಾಣದ ರೋಗಕ್ಕೆ ವಿಷ ಕೊಡುತ್ತಾನೆಂದು ಮೇಲಿನವರು ಮುನಿದರು, ಲಿ ಸಂಸ್ಥೆ ಬಿಡಬೇಕಾಯಿತು. ಹಾರ್ಮೋನು ಸೊನ್ನೆಯಾಗುವ ತನಕ ಔಷಧ ಪಡೆದವರೇ ಉಳಿದರೆಂಬುದು ಆಮೇಲೆ ಗೊತ್ತಾಯಿತು. 1972ರಲ್ಲಿ ಲಿ, ಹರ್ಟ್ಜ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಆ ಔಷಧದ ಬೇರು ನಮ್ಮ ಮುಂಬಯಿಯಲ್ಲೇ ಇದೆ ಎಂಬುದು ಇಲ್ಲಿನವರಿಗೇ ಗೊತ್ತಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು ಬಟ್ಟೆ ಗಿರಣಿಯಲ್ಲಿ ದುಡಿಯುವ ಬಸುರಿಯರ ವಿಚಿತ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು ಕಂಡರು. ಆ ಸಾರದೊಳಗಿದ್ದದ್ದೇ ಫೋಲೇಟ್ ಎಂದು ಮುಂದೆ ತಿಳಿಯಿತು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ ಫೋಲಿಕ್ ಆಮ್ಲವನ್ನೂ ಕೃತಕವಾಗಿ ತಯಾರಿಸಿತು, ಅದನ್ನು ಎದುರಿಸುವ ಔಷಧಗಳನ್ನೂ ತಯಾರಿಸಿತು. ಮೆಥೊಟ್ರೆಕ್ಸೇಟ್ ಆ ವಂಶದ್ದು. ಮುಂಬಯಿಯ ಗಿರಣಿಯ ಬಸುರಿಯರ ರಕ್ತದಲ್ಲಿ ಶುರುವಾದ ಶೋಧನೆ ಸುತ್ತು ಹಾಕಿ ದ್ರಾಕ್ಷಿಗರ್ಭದ ಹೆಂಗಸರ ಜೀವ ಉಳಿಸಲು ಬಂತು. ಇಂದಿಗೂ ಒಂದು ಚಾಲ್ತಿಯ ಕ್ರಮದಲ್ಲಿ 1, 3, 5, 7ನೆಯ ದಿನ ಮೆಥೊಟ್ರೆಕ್ಸೇಟ್, ನಡುವಿನ 2, 4, 6, 8ನೆಯ ದಿನ ಒಳ್ಳೆಯ ಕೋಶಗಳನ್ನು ಕಾಯಲು ಫೋಲಿನಿಕ್ ಆಮ್ಲ. ಬಸಿರಿನಲ್ಲಿ ಕೊಟ್ಟಿದ್ದ ಫೋಲಿಕ್ ಮಾತ್ರೆ ಮನೆಯಲ್ಲಿ ಉಳಿದಿದೆಯೆಂದು ಆಗ ಡಾಕ್ಟರನ್ನು ಕೇಳದೆ ನುಂಗಬಾರದು.

ಗೆಡ್ಡೆಯಾದರೂ ಎದೆಗುಂದಬೇಕಿಲ್ಲ. ವಯಸ್ಸು, ಹಿಂದಿನ ಬಸಿರು ಯಾವುದು, ಎಷ್ಟು ತಿಂಗಳಾಯಿತು, ಅಂಕಿ ಎಷ್ಟು, ಎಲ್ಲೆಲ್ಲಿ ಹಬ್ಬಿದೆ ಎಂದೆಲ್ಲ ಕೂಡಿಸಿ ಅಂಕ ಕೊಡುತ್ತಾರೆ. 6ರವರೆಗೆ ಬಂದರೆ ಒಂದೇ ಔಷಧ. ಇವರಲ್ಲಿ ಹೆಚ್ಚುಕಡಿಮೆ ಎಲ್ಲರೂ ವಾಸಿಯಾಗುತ್ತಾರೆ. 7 ಮತ್ತು ಮೇಲೆ ಬಂದರೆ ಐದು ಔಷಧಗಳ ಕೂಟ. ಆಗಲೂ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಬೇರಾವ ಹಬ್ಬಿದ ಕ್ಯಾನ್ಸರಿನಲ್ಲೂ ಸುಲಭಕ್ಕೆ ಕೇಳದ ಮಾತಿದು. ಸಾವು ಬರುವುದು ಹೆಚ್ಚಾಗಿ ತಡವಾಗಿ ಬಂದವರಿಗೆ. ಹೆರಿಗೆಯೋ ಗರ್ಭಪಾತವೋ ಆಗಿ ತಿಂಗಳುಗಳಾದ ಮೇಲೆ ಕೆಮ್ಮಿದಾಗ ರಕ್ತ ಬಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಟಿಬಿ. ಅದರ ಜೊತೆಗೊಂದು ಎಚ್‌ಸಿಜಿ ಪರೀಕ್ಷೆ ಬರೆಯುವುದಕ್ಕೆ ಒಂದು ಸಾಲಿನ ಶಾಯಿ ಸಾಕು.

ನಮ್ಮ ದೇಶದಲ್ಲಿ ದ್ರಾಕ್ಷಿಗರ್ಭ ಎಷ್ಟು? ಯುರೋಪ್, ಅಮೆರಿಕದಲ್ಲಿ ಸಾವಿರ ಬಸಿರಿಗೆ ಸುಮಾರು ಒಂದು, ಜಪಾನ್ ಮತ್ತು ಆಗ್ನೇಯ ಏಷ್ಯಾದಲ್ಲಿ ಸುಮಾರು ಎರಡು ಎನ್ನುತ್ತಾರೆ. ನಮ್ಮ ಲೆಕ್ಕಗಳು ಬಂದಿರುವುದು ದೊಡ್ಡ ಆಸ್ಪತ್ರೆಗಳಿಂದ. ಸುತ್ತಲ ಹಳ್ಳಿಗಳ ಕಷ್ಟದ ಬಸಿರೆಲ್ಲ ಅಲ್ಲಿಗೇ ಬರುವುದರಿಂದ ಅಂಕಿ ಸಹಜವಾಗಿಯೇ ಉಬ್ಬಿರುತ್ತದೆ. ಬ್ರಿಟನ್ನಿನಲ್ಲಿ 1973ರಿಂದ ಪ್ರತಿ ದ್ರಾಕ್ಷಿಗರ್ಭವನ್ನೂ ನೋಂದಾಯಿಸಿ ಲಂಡನ್, ಶೆಫೀಲ್ಡ್, ಡಂಡೀ ಕೇಂದ್ರಗಳಿಂದ ನಿಗಾ ಇಡುತ್ತಾರೆ. ಹೆಂಗಸು ಎಲ್ಲೇ ಇದ್ದರೂ ಮಾದರಿಯನ್ನು ಅಂಚೆಯಲ್ಲಿ ಕಳಿಸಬಹುದು, ಅಳೆಯುವ ಯಂತ್ರ ಬದಲಾಗುವುದಿಲ್ಲ. ತವರು–ಅತ್ತೆಮನೆಗಳ ನಡುವೆ ಓಡಾಡುವ ನಮ್ಮ ಹೆಣ್ಣುಮಕ್ಕಳಿಗೆ ಇಂಥದೊಂದು ಎಷ್ಟು ಬೇಕಿತ್ತು!

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಒಮ್ಮೆ ದ್ರಾಕ್ಷಿಗರ್ಭವಾದವರಿಗೆ ಮತ್ತೆ ಆಗುವುದು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಉಳಿದವರ ಮುಂದಿನ ಬಸಿರು ಎಲ್ಲರಂತೆಯೇ. ಆದರೆ ಎರಡು, ಮೂರು ಸಲ ಆಗುತ್ತಿದ್ದರೆ, ಅಕ್ಕತಂಗಿಯರಲ್ಲೂ ಕಾಣುತ್ತಿದ್ದರೆ, ಎನ್‌ಎಲ್‌ಆರ್‌ಪಿ7 ಎಂಬ ಗುಣಾಣುವಿನ ದೋಷ ಇರಬಹುದು. ಇದು ಪತ್ತೆಯಾದದ್ದು 2006ರಲ್ಲಿ. ಇಲ್ಲಿ ವರ್ಣತಂತುಗಳು ಇಬ್ಬರ ಕಡೆಯಿಂದಲೂ ಬಂದಿರುತ್ತವೆ, ಕೆಟ್ಟಿರುವುದು ಅಂಡದೊಳಗಿನ ಏರ್ಪಾಡು. ತಂದೆ–ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಮಗಳಲ್ಲಿ ಇದು ಕಾಣಿಸಿಕೊಳ್ಳುವುದರಿಂದ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿಯಿರುವ ಮನೆತನಗಳಲ್ಲಿ ಸಂಭವ ಹೆಚ್ಚು. ಅಂಥವರಿಗೆ ಬೇರೆಯವರ ದಾನದ ಅಂಡದಿಂದ ಮಗು ಪಡೆಯುವ ದಾರಿ ಇದೆ. ದೇವರಿಗೆ ಹರಕೆ ಹೊತ್ತು ನಾಲ್ಕನೆಯ ಸಲಕ್ಕೆ ಇಳಿಯುವ ಮುನ್ನ ಗುಣಾಣು ಪರೀಕ್ಷೆ ಕೇಳುವುದು ಮೇಲು.

ಈಗ ಈ ಸ್ಥಿತಿಯಲ್ಲಿರುವವರಿಗೂ ಅವರ ಮನೆಯವರಿಗೂ ಒಂದು ಬಿನ್ನಹ. ಖಾಲಿ ಮಾಡಿಸಿದ ದಿನದ ಕಾಗದ, ಪ್ಯಾಥಾಲಜಿಯ ರಿಪೋರ್ಟು, ಪ್ರತಿ ವಾರದ ಬೀಟಾ ಎಚ್‌ಸಿಜಿ, ಎಲ್ಲ ಒಂದೇ ಫೈಲಿನಲ್ಲಿರಲಿ. ಮೊದಲ ಪುಟದಲ್ಲಿ ತಾರೀಖು ಒಂದು ಕಡೆ, ಅಂಕಿ ಇನ್ನೊಂದು ಕಡೆ, ಲ್ಯಾಬಿನ ಹೆಸರು ಮೂರನೆಯ ಕಡೆ ಬರೆದಿಡಿ. ತವರಿಗೆ ಹೊರಟಾಗ ಸೀರೆಯ ಚೀಲಕ್ಕಿಂತ ಮೊದಲು ಆ ಫೈಲು ಬಸ್ಸು ಹತ್ತಲಿ, ಅಲ್ಲಿಯೂ ಮುಂದಿನ ಸೋಮವಾರ ರಕ್ತ ಕೊಡುವುದು ತಪ್ಪದಿರಲಿ.